ಎಡ ಬಲ ಸಮ ಇದ್ದರೆ ಹೆಣ್ಣು ದುಂಬಿ ಒಪ್ಪುತ್ತಾ?

ನಮ್ಮ ಗೋವಾದ ತೆಂಗಿನ ತೋಟಗಳಲ್ಲಿ ಕೆಲವು ಗರಿಗಳು ಕತ್ತರಿಯಿಂದ 'ವಿ' ಆಕಾರದಲ್ಲಿ ಕತ್ತರಿಸಿದ ಹಾಗೆ ಕಾಣುತ್ತವೆ. ಇದು ರೈನೋಸರಸ್ ದುಂಬಿಯ ಕೆಲಸ. ಕರಾವಳಿಯಲ್ಲಿ ಇದಕ್ಕೆ ಕುರುವಾಯಿ ಅಂತಲೂ ಹೇಳುತ್ತಾರೆ. ಗರಿ ಇನ್ನೂ ಸುಳಿಯಲ್ಲಿ ಮಡಚಿಕೊಂಡಿದ್ದಾಗಲೇ ದುಂಬಿ ಕೊರೆದಿರುತ್ತದೆ. ಗರಿ ಬಿಚ್ಚಿದ ಮೇಲೆ ನಮಗೆ ಗೊತ್ತಾಗುತ್ತದೆ.

ಈ ದುಂಬಿಯ ನಡುವೆ ಉದ್ದಕ್ಕೆ ಒಂದು ಗೆರೆ ಎಳೆದಿದ್ದೇವೆ ಎಂದುಕೊಳ್ಳಿ. ಎಡಭಾಗವು ಬಲಭಾಗದ ಪ್ರತಿಬಿಂಬದಂತಿರುತ್ತದೆ. ಪಾಠದಲ್ಲಿ ಓದಿದ ದ್ವಿಪಾರ್ಶ್ವ ಸಮಮಿತಿ ಇದೇ. ಆದರೆ ಸೂಕ್ಷ್ಮವಾಗಿ ಅಳೆದರೆ ಎರಡೂ ಬದಿ ನೂರಕ್ಕೆ ನೂರು ಸಮ ಇರುವುದಿಲ್ಲ. ಬೆಳೆಯುವಾಗ ಆಹಾರದ ಕೊರತೆ, ರೋಗ ಅಥವಾ ವಿಪರೀತ ಬಿಸಿ ತಾಗಿದರೆ ವ್ಯತ್ಯಾಸ ಹೆಚ್ಚಬಹುದು.

ಒಂದು ಚಂದದ ವಿಚಾರ

ಹಾಗಾದರೆ ಎಡ ಬಲ ಸಮ ಇರುವ ಗಂಡು ಕಷ್ಟ ತಡೆದುಕೊಂಡ ಆರೋಗ್ಯವಂತ ಗಂಡು, ಹೆಣ್ಣು ಅದನ್ನೇ ಆರಿಸಬೇಕು, ಅಲ್ವಾ? 1992ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ಆಂಡರ್ಸ್ ಪೇಪ್ ಮೊಲ್ಲರ್, ಕವಲು ಬಾಲದ ಸ್ವಾಲೋ ಹಕ್ಕಿಗಳಲ್ಲಿ ಹೀಗೇ ಆಗುತ್ತದೆ ಎಂದು ವರದಿ ಮಾಡಿದರು. ಆಮೇಲೆ ಕೀಟಗಳಲ್ಲೂ ಹುಡುಕಾಟ ನಡೆಯಿತು. ಕೆಲವು ಪ್ರಯೋಗಗಳು 'ಹೌದು' ಎಂದವು, ಕೆಲವು 'ಇಲ್ಲ' ಎಂದವು. 'ಹೌದು' ಎಂದವೇ ಹೆಚ್ಚು ಅಚ್ಚಾದವು ಎಂಬ ಟೀಕೆಯೂ ಬಂತು.

ದುಂಬಿಗಳಲ್ಲಿ ಏನು ನಡೆಯುತ್ತದೆ?

ರೈನೋಸರಸ್ ದುಂಬಿ ರಾತ್ರಿ ಹಾರುವ ಕೀಟ. ಗಂಡು ಒಂದು ವಾಸನೆ ಬಿಡುತ್ತದೆ. ಅದು ಈಥೈಲ್ 4-ಮೀಥೈಲ್ ಆಕ್ಟನೋಯೇಟ್ ಎಂದು 1995ರಲ್ಲಿ ಪ್ರಕಟವಾಯಿತು. ಇದೇ ರಾಸಾಯನಿಕದ ಪೊಟ್ಟಣವನ್ನು ಬಕೆಟ್‌ನಲ್ಲಿ ತೂಗುಹಾಕಿ ರೈತರು ದುಂಬಿ ಹಿಡಿಯುತ್ತಾರೆ. ನೋಡಿ, ಆ ಪೊಟ್ಟಣಕ್ಕೆ ಕಾಲೂ ಇಲ್ಲ, ರೆಕ್ಕೆಯೂ ಇಲ್ಲ. ಆದರೂ ಹೆಣ್ಣುಗಳು ಹಾರಿ ಬರುತ್ತವೆ! ದೂರದಿಂದ ಕರೆಯುವುದು ರೂಪವಲ್ಲ, ವಾಸನೆ. ಹತ್ತಿರ ಬಂದ ಮೇಲೆ ಏನು ಪರೀಕ್ಷಿಸುತ್ತದೆ ಎಂಬುದು ಬೇರೆ ಪ್ರಶ್ನೆ.

ಆಂಥೋಫೇಗಸ್ ಟಾರಸ್ ಎಂಬ ಸಗಣಿ ದುಂಬಿಯ ಕಥೆ ಇನ್ನೊಂದು. ಮರಿಹುಳುವಾಗಿದ್ದಾಗ ಚೆನ್ನಾಗಿ ತಿಂದ ಗಂಡಿಗೆ ಉದ್ದ ಕೊಂಬು ಬರುತ್ತದೆ. ಅದು ಹೆಣ್ಣು ಇರುವ ಸುರಂಗದ ಬಾಗಿಲಲ್ಲಿ ಬೇರೆ ಗಂಡುಗಳ ಜೊತೆ ಕಾದಾಡುತ್ತದೆ. ಸಣ್ಣ ಗಂಡಿಗೆ ಕೊಂಬು ಇಲ್ಲವೇ ಇಲ್ಲ ಎನ್ನುವಷ್ಟು ಚಿಕ್ಕದು. ಅದು ಕದ್ದು ಒಳಗೆ ನುಸುಳುತ್ತದೆ. ಅಂದರೆ ಕೊಂಬು ಮುಖ್ಯವಾಗಿ ಜಗಳದ ಆಯುಧ.

ನೀವೇ ಅಳೆಯಿರಿ

ತೋಟದವರನ್ನು ಕೇಳಿ, ಬಕೆಟ್‌ನಲ್ಲಿ ಸತ್ತ ಕೆಲವು ದುಂಬಿಗಳನ್ನು ತನ್ನಿ. ಹೊಟ್ಟೆಯ ತುದಿಯಲ್ಲಿ ಕೆಂಗಂದು ಕೂದಲಿನ ಗೊಂಚಲು ಇದ್ದರೆ ಹೆಣ್ಣು. ಕೊಂಬು ಒಂದೇ, ಅದೂ ನಡುವೆ. ಹಾಗಾಗಿ ಗಟ್ಟಿ ಮೇಲ್ರೆಕ್ಕೆಗಳನ್ನು ವರ್ನಿಯರ್ ಕ್ಯಾಲಿಪರ್‌ನಿಂದ ಅಳೆಯಿರಿ. ಒಂದೊಂದು ರೆಕ್ಕೆಯನ್ನೂ ಹಿಂದಿನ ಅಳತೆ ನೋಡದೆ ಮೂರು ಸಲ ಅಳೆದು ಬರೆಯಿರಿ.

ಈಗ ಹೋಲಿಸಿ. ಒಂದೇ ರೆಕ್ಕೆಯ ಮೂರು ಅಳತೆಗಳ ನಡುವಿನ ವ್ಯತ್ಯಾಸ, ಎಡ ಬಲದ ವ್ಯತ್ಯಾಸಕ್ಕಿಂತ ದೊಡ್ಡದಾಗಿದೆಯಾ? ಹಾಗಿದ್ದರೆ ನಾವು ಕಂಡಿದ್ದು ದುಂಬಿಯ ಅಸಮತೆಯಲ್ಲ, ನಮ್ಮ ಅಳತೆಯ ದೋಷ. ಸಮಮಿತಿ ಹುಡುಕುವ ವಿಜ್ಞಾನಿಗಳಿಗೂ ಇದೇ ದೊಡ್ಡ ತಲೆನೋವು. ನಿಮ್ಮ ಪಟ್ಟಿಯಲ್ಲಿ ಎರಡನ್ನೂ ಬರೆದಿಡಿ. ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.