ಗದ್ದೆಯ ನೀರೂ ಹಗರಿಯ ನೀರೂ

ಸಿರುಗುಪ್ಪ ತಾಲ್ಲೂಕಿನ ರಾರಾವಿಯ ಬಳಿ ಹರಿಯುವ ವೇದಾವತಿಯನ್ನು ಆ ಸೀಮೆಯವರು ಹಗರಿಯೆಂದು ಕರೆಯುವರು. 1953ರಲ್ಲಿ ತುಂಗಭದ್ರಾ ಜಲಾಶಯವು ಸಿದ್ಧವಾಗಿ ಕಾಲುವೆಯ ನೀರು ಬಂದ ತರುವಾಯ ಈ ತಾಲ್ಲೂಕಿನ ಎಷ್ಟೋ ಎರೆಹೊಲಗಳು ಭತ್ತದ ಗದ್ದೆಗಳಾದವು. ಗದ್ದೆಯಿಂದ ಹೊರಬಿಟ್ಟ ನೀರು ಹಳ್ಳಕ್ಕೂ, ಹಳ್ಳದಿಂದ ಹೊಳೆಗೂ ಸೇರುವುದಷ್ಟೆ. ಯೂರಿಯಾ ಎರಚಿದ ಮರುದಿನವೇ ಬದುವನ್ನು ಕಡಿದರೆ ಗೊಬ್ಬರಕ್ಕೆ ತೆತ್ತ ಹಣವೂ ಆ ನೀರಿನೊಡನೆ ಹೋಗುವುದು.

ಗೊಬ್ಬರದ ಸಾರಜನಕವು ನೈಟ್ರೇಟಾಗಿ ಕರಗಿದ ನೀರು ನೋಡಲು ತಿಳಿಯಾಗಿಯೇ ಇರುವುದು. ಕಾಯಿಸಿದರೂ ದೋಷವು ಹೋಗದು, ನೀರು ಆವಿಯಾದಷ್ಟೂ ಅದರ ಅಂಶವು ಹೆಚ್ಚುವುದು. ಕುಡಿಯುವ ನೀರಿನಲ್ಲಿ ನೈಟ್ರೇಟು ಲೀಟರಿಗೆ 45 ಮಿಲಿಗ್ರಾಂ ಮೀರಕೂಡದೆಂದು ಭಾರತೀಯ ಮಾನಕವು ವಿಧಿಸಿದೆ. ಮೀರಿದ ನೀರನ್ನು ಕುಡಿಸಿದ ಹಸುಗೂಸುಗಳ ರಕ್ತಕ್ಕೆ ಆಮ್ಲಜನಕವನ್ನು ಒಯ್ಯುವ ಶಕ್ತಿಯು ಕುಂದಿ ಮೈ ನೀಲಿಗಟ್ಟಬಹುದು. ಹೊಳೆಯ ಮರಳಿನಲ್ಲಿ ಚಿಲುಮೆ ತೋಡುವವರು ಇದನ್ನು ಕಣ್ಣಿನಿಂದ ಅರಿಯುವಂತಿಲ್ಲ.

ಆದುದರಿಂದ ಗೊಬ್ಬರವನ್ನು ಒಂದೇ ಸಲಕ್ಕೆ ಸುರಿಯದೆ ಕಂತುಗಳಲ್ಲಿ ಕೊಡತಕ್ಕದ್ದು; ಕೊಟ್ಟ ಮೇಲೆ ಕೆಲವು ದಿವಸ ನೀರನ್ನು ಹೊರಬಿಡಲಾಗದು. ಹಳ್ಳದ ಅಂಚಿನವರೆಗೂ ನೇಗಿಲು ಹೊಡೆಯುವ ಆಶೆಯನ್ನು ಬಿಟ್ಟು ಎರಡು ಮಾರು ಅಗಲ ಹುಲ್ಲು ಬೆಳೆಯಗೊಟ್ಟರೆ ಕೊಚ್ಚಿಬರುವ ಮಣ್ಣು ಅಲ್ಲಿ ನಿಲ್ಲುವುದು, ದನಗಳಿಗೆ ಮೇವೂ ಆಗುವುದು. ಕರಗಿಹೋದ ಗೊಬ್ಬರವನ್ನು ಮಾತ್ರ ಹುಲ್ಲೊಂದೇ ಪೂರಾ ತಡೆಯಲಾರದು.

ಮೇಲಿನ ಗದ್ದೆಯವನು ನೀರು ಬಿಟ್ಟರೆ ಕೆಳಗಿನವನು ತಡೆದಿಡುವುದೆಂತು? ಗೊಬ್ಬರ ಹಾಕುವ ದಿನಗಳನ್ನು ಒಂದೊಂದು ತೂಬಿನ ರೈತರೆಲ್ಲರೂ ಕೂಡಿ ಗೊತ್ತುಮಾಡುವಂತೆ ಊರಿನ ಯಜಮಾನರು ಬಿತ್ತನೆಗೆ ಮುಂಚೆಯೇ ಏರ್ಪಡಿಸಬೇಕು.