ಬಾಣಕ್ಕೆ ಬಾಲವೇಕೆ?

ಪ್ರತಿವರ್ಷ ಏಪ್ರಿಲ್ ತಿಂಗಳಲ್ಲಿ ಪುತ್ತೂರಿನ ಶ್ರೀ ಮಹಾಲಿಂಗೇಶ್ವರ ದೇವರ ಜಾತ್ರೆ ನಡೆಯುತ್ತದೆ. ಬ್ರಹ್ಮರಥೋತ್ಸವದ ರಾತ್ರಿಯ ಸುಡುಮದ್ದಿನ ಪ್ರದರ್ಶನವು 'ಪುತ್ತೂರು ಬೆಡಿ' ಎಂದೇ ಹೆಸರಾಗಿದೆ. ಅದನ್ನು ನೋಡಲು ಸುಳ್ಯ, ಕಡಬ ಮೊದಲಾದ ಕಡೆಗಳಿಂದ ಜನ ಬಂದು ನೆರೆಯುತ್ತಾರೆ. ಜಾತ್ರೆಯಲ್ಲಾಗಲಿ ದೀಪಾವಳಿಯಲ್ಲಾಗಲಿ ಬಾಣವೊಂದು ಆಕಾಶಕ್ಕೆ ಏರಿದಾಗ ನಮ್ಮ ಕಣ್ಣು ಅದರ ಬೆಂಕಿಯ ಕಡೆಗೆ ಹರಿಯುತ್ತದೆಯೇ ಹೊರತು, ಅದಕ್ಕೆ ಕಟ್ಟಿದ ಉದ್ದನೆಯ ಕಡ್ಡಿಯ ಕಡೆಗಲ್ಲ. ಬೆಲೆಯಿಲ್ಲದ ಈ ಕಡ್ಡಿ ಇಲ್ಲದೆ ಹೋದರೆ ಬಾಣವು ಮೇಲಕ್ಕೇರದು. ಸುತ್ತಿ ಸುಳಿದು ನೋಡುವವರ ಮೈಮೇಲೆಯೇ ಬಿದ್ದೀತು. ಮದ್ದು ಅಷ್ಟೇ, ಅದರ ಬಲವೂ ಅಷ್ಟೇ. ಆದರೂ ದಾರಿ ತಪ್ಪುತ್ತದೆ. ಇದಕ್ಕೆ ಕಾರಣವೇನು? ಈ ಒಂದು ಪ್ರಶ್ನೆಗೆ ಉತ್ತರವನ್ನು ಹುಡುಕಿದರೆ ರಾಕೆಟ್ಟಿನ ಅರ್ಧ ರಹಸ್ಯ ನಮಗೆ ತಿಳಿದಂತೆ.

ಮೊದಲು, ರಾಕೆಟ್ಟು ಮೇಲೇರುವುದು ಹೇಗೆಂಬುದನ್ನು ನೋಡೋಣ. ಮಳೆಗಾಲದಲ್ಲಿ ಅಡಿಕೆಗೆ ತಗಲುವ ಕೊಳೆರೋಗವನ್ನು ತಡೆಯಲು ನಮ್ಮ ತೋಟಗಳಲ್ಲಿ ಬೋರ್ಡೋ ದ್ರಾವಣವನ್ನು ಸಿಂಪಡಿಸುತ್ತಾರೆ. ಪಂಪಿನ ಒತ್ತಡದಿಂದ ದ್ರಾವಣವು ಕೊಳವೆಯ ಮೂತಿಯಿಂದ ರಭಸವಾಗಿ ಹೊರಟಾಗ, ಅದನ್ನು ಹಿಡಿದವನ ಕೈ ಹಿಂದಕ್ಕೆ ತಳ್ಳಲ್ಪಡುತ್ತದೆ. ಪ್ರತಿಯೊಂದು ಕ್ರಿಯೆಗೂ ಅಷ್ಟೇ ಬಲದ, ಎದುರು ದಿಕ್ಕಿನ ಪ್ರತಿಕ್ರಿಯೆಯೊಂದು ಇದ್ದೇ ಇರುತ್ತದೆ ಎಂಬ ನಿಯಮವನ್ನು ನ್ಯೂಟನ್ 1687ರಲ್ಲಿ ಪ್ರಕಟಿಸಿದನು. ರಾಕೆಟ್ಟಿನಲ್ಲಿಯೂ ನಡೆಯುವುದು ಇದೇ. ಒಳಗೆ ಉರಿದ ಇಂಧನವು ಬಿಸಿಯಾದ ಅನಿಲವಾಗಿ ಹಿಂದಕ್ಕೆ ಚಿಮ್ಮುತ್ತದೆ. ರಾಕೆಟ್ಟು ಮುಂದಕ್ಕೆ ಹೋಗುತ್ತದೆ. ಹೊರಬಂದ ಅನಿಲವು ಗಾಳಿಯನ್ನು ಒತ್ತುವುದರಿಂದ ರಾಕೆಟ್ಟು ಏರುತ್ತದೆಂದು ಕೆಲವರು ತಿಳಿಯುವುದುಂಟು. ಅದು ಸರಿಯಲ್ಲ. ಗಾಳಿಯೇ ಇಲ್ಲದ ಅಂತರಿಕ್ಷದಲ್ಲಿಯೂ ರಾಕೆಟ್ಟು ಚಲಿಸಬಲ್ಲದು.

ರಾಕೆಟ್ಟಿನ ಚರಿತ್ರೆಯಲ್ಲಿ ನಮ್ಮ ನಾಡಿಗೆ ಹಿರಿದಾದ ಸ್ಥಾನವಿದೆ. ಹದಿನೆಂಟನೆಯ ಶತಮಾನದಲ್ಲಿ ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಮೈಸೂರು ಸೈನ್ಯವು ಕಬ್ಬಿಣದ ಕೊಳವೆಯಲ್ಲಿ ಮದ್ದನ್ನು ತುಂಬಿದ ರಾಕೆಟ್ಟುಗಳನ್ನು ಬಳಸಿತು. ಕಾಗದದ ಕೊಳವೆಗಿಂತ ಕಬ್ಬಿಣದ ಕೊಳವೆಯು ಹೆಚ್ಚಿನ ಒತ್ತಡವನ್ನು ತಡೆದುಕೊಳ್ಳುತ್ತದೆ. ಒತ್ತಡ ಹೆಚ್ಚಿದಷ್ಟೂ ಅನಿಲದ ವೇಗ ಹೆಚ್ಚು. ಆದುದರಿಂದ ಬಾಣ ಹೋಗುವ ದೂರವೂ ಹೆಚ್ಚು. ಈ ಕೊಳವೆಯನ್ನು ಉದ್ದವಾದ ಬಿದಿರಿನ ಕೋಲಿಗೆ ಬಿಗಿಯುತ್ತಿದ್ದರು. 1780ರ ಪೊಳ್ಳಿಲೂರಿನ ಯುದ್ಧದಲ್ಲಿಯೂ, 1792 ಮತ್ತು 1799ರ ಶ್ರೀರಂಗಪಟ್ಟಣದ ಮುತ್ತಿಗೆಗಳಲ್ಲಿಯೂ ಆಂಗ್ಲರು ಇವುಗಳ ಹೊಡೆತವನ್ನು ಕಂಡರು. ಅನಂತರ ಇಂಗ್ಲೆಂಡಿನಲ್ಲಿ ವಿಲಿಯಂ ಕಾಂಗ್ರೀವನು ರಾಕೆಟ್ಟುಗಳ ಮೇಲೆ ಪ್ರಯೋಗ ನಡೆಸಲು ಇವೇ ಪ್ರೇರಣೆಯಾದುವು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಹಳೆಯ ಬಾವಿಯೊಂದರಿಂದ ಇಂತಹ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳನ್ನು ಪುರಾತತ್ತ್ವ ಇಲಾಖೆಯವರು ಹೊರತೆಗೆದರು.

ಕೊಳವೆಯು ಕಾಗದದಿಂದ ಕಬ್ಬಿಣಕ್ಕೆ ಬದಲಾದರೂ ಕೋಲು ಉಳಿದೇ ಇತ್ತೆಂಬುದು ಗಮನಿಸಬೇಕಾದ ಸಂಗತಿ. ಆ ಕೋಲು ಮಾಡುವ ಕೆಲಸವೇನು? ಯಾವುದೇ ವಸ್ತುವನ್ನು ಬೆರಳಿನ ಮೇಲೆ ಸಮತೂಕವಾಗಿ ನಿಲ್ಲಿಸಬಹುದಾದ ಸ್ಥಳವೊಂದಿದೆ. ಅದು ಅದರ ಗುರುತ್ವಕೇಂದ್ರ. ಹಾರುವ ವಸ್ತು ವಾಲಿದರೆ ಈ ಬಿಂದುವಿನ ಸುತ್ತಲೇ ತಿರುಗುತ್ತದೆ. ಹಾಗೆ ವಾಲಿದಾಗ ಅದರ ಪಕ್ಕಕ್ಕೆ ಗಾಳಿ ಬಡಿಯುತ್ತದೆ. ಈ ಬಡಿತವೆಲ್ಲವೂ ಒಂದೆಡೆ ಕೂಡಿದೆಯೆಂದು ಭಾವಿಸಬಹುದಾದ ಬಿಂದುವೇ ಒತ್ತಡಕೇಂದ್ರ. ಒತ್ತಡಕೇಂದ್ರವು ಗುರುತ್ವಕೇಂದ್ರಕ್ಕಿಂತ ಹಿಂದೆ ಇದ್ದರೆ ಗಾಳಿಯು ಬಾಲವನ್ನು ತಳ್ಳಿ ತಲೆಯನ್ನು ಮತ್ತೆ ನೇರಕ್ಕೆ ತರುತ್ತದೆ. ಮುಂದೆ ಇದ್ದರೆ ಅದೇ ಗಾಳಿ ತಲೆಯನ್ನು ಇನ್ನಷ್ಟು ವಾಲಿಸಿ ರಾಕೆಟ್ಟನ್ನು ಉರುಳಿಸುತ್ತದೆ. ಬಾಣದ ಕಡ್ಡಿ ಹಗುರ, ಆದರೆ ಉದ್ದ. ಅದು ಒತ್ತಡಕೇಂದ್ರವನ್ನು ಬಹಳ ಹಿಂದಕ್ಕೆ ಒಯ್ಯುತ್ತದೆ. ಬಿಲ್ಲಿನ ಬಾಣಕ್ಕೆ ಗರಿಗಳನ್ನು ಕಟ್ಟುವುದೂ, ಗಾಳಿಯ ದಿಕ್ಕನ್ನು ತೋರಿಸುವ ಸಾಧನಕ್ಕೆ ಅಗಲವಾದ ಬಾಲವಿರುವುದೂ ಇದೇ ಕಾರಣಕ್ಕಾಗಿ. ಕೋಲಿನ ಬದಲು ಕೊಳವೆಯ ಬುಡದಲ್ಲಿ ಮೂರು ಅಥವಾ ನಾಲ್ಕು ತೆಳುವಾದ ರೆಕ್ಕೆಗಳನ್ನು ಅಂಟಿಸಿದರೂ ಫಲ ಒಂದೇ. ಮಾದರಿ ರಾಕೆಟ್ಟು ಈ ರೆಕ್ಕೆಗಳನ್ನೇ ನಂಬಿ ಹಾರುತ್ತದೆ.

ಮಾದರಿ ರಾಕೆಟ್ಟುಗಳ ಹವ್ಯಾಸ ಹುಟ್ಟಿದ್ದು ಅಮೆರಿಕದಲ್ಲಿ. 1957ರ ಅಕ್ಟೋಬರ್ 4ರಂದು ರಷ್ಯನ್ನರು ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿದ ಮೇಲೆ ಅಲ್ಲಿಯ ಎಳೆಯರಲ್ಲಿ ರಾಕೆಟ್ಟಿನ ಹುಚ್ಚು ಹರಡಿತು. ಲೋಹದ ಕೊಳವೆಗಳಲ್ಲಿ ತಾವೇ ಬೆರೆಸಿದ ಮದ್ದನ್ನು ತುಂಬಲು ಹೋಗಿ ಅನೇಕರು ಗಾಯಗೊಂಡರು. ಕೆಲವರು ಪ್ರಾಣವನ್ನೇ ಕಳೆದುಕೊಂಡರು. ನೆಬ್ರಾಸ್ಕದಲ್ಲಿ ಪಾದರಕ್ಷೆಗಳ ಅಂಗಡಿ ನಡೆಸುತ್ತಿದ್ದ ಆರ್ವಿಲ್ ಕಾರ್ಲೈಲ್ ಎಂಬಾತನು 1954ರಲ್ಲಿಯೇ ಒಂದು ಒಳ್ಳೆಯ ದಾರಿಯನ್ನು ಕಂಡುಕೊಂಡಿದ್ದನು. ಮದ್ದಿನ ಮೋಟಾರನ್ನು ಬಲ್ಲವರು ಕಾರ್ಖಾನೆಯಲ್ಲಿ ಸಿದ್ಧಪಡಿಸಬೇಕು. ಹವ್ಯಾಸಿಯು ಕಾಗದ ಮತ್ತು ಹಗುರವಾದ ಮರದಿಂದ ರಾಕೆಟ್ಟಿನ ಒಡಲನ್ನು ಮಾತ್ರ ಕಟ್ಟಬೇಕು. ಹ್ಯಾರಿ ಸ್ಟೈನ್ ಎಂಬ ರಾಕೆಟ್ಟು ತಜ್ಞನ ನೆರವಿನಿಂದ ಈ ವಿಚಾರವು ಬೇಗನೆ ಹರಡಿತು. ಅಪಾಯವನ್ನು ಬೇರ್ಪಡಿಸಿ, ಕಲಿಕೆಯನ್ನು ಉಳಿಸಿಕೊಂಡದ್ದೇ ಇದರ ಹಿರಿಮೆ.

ಇಂತಹ ರಾಕೆಟ್ಟಿನ ಸಾಮಗ್ರಿಗಳು ಒಂದು ಪೆಟ್ಟಿಗೆಯಲ್ಲಿ ಜೋಡಿಸಿ ಬರುತ್ತವೆ. ಕಾಗದದ ಉದ್ದ ಕೊಳವೆ, ಮೊನಚಾದ ಮೂತಿ, ರೆಕ್ಕೆಗಳಿಗಾಗಿ ಬಾಲ್ಸಾ ಎಂಬ ಹಗುರವಾದ ಮರದ ಹಲಗೆ, ಮೋಟಾರು ಕುಳಿತುಕೊಳ್ಳುವ ಸಣ್ಣ ಕೊಳವೆ, ರಬ್ಬರಿನ ದಾರ, ಪ್ಯಾರಾಚೂಟು—ಇವಿಷ್ಟೇ ಅದರ ಅಂಗಗಳು. ಕಟ್ಟುವವನು ಮೊದಲು ಕೊಳವೆಯ ಸುತ್ತ ಕಾಗದದ ಪಟ್ಟಿಯೊಂದನ್ನು ಸುತ್ತಿ, ಸುತ್ತಳತೆಯನ್ನು ಮೂರು ಸಮಭಾಗ ಮಾಡಿ ಗುರುತಿಸುತ್ತಾನೆ. ಆ ಗುರುತುಗಳಿಂದ ಕೊಳವೆಯ ಉದ್ದಕ್ಕೂ ನೇರವಾದ ಗೆರೆಗಳನ್ನು ಎಳೆದು, ಗೆರೆಯ ಮೇಲೆ ರೆಕ್ಕೆಗಳನ್ನು ನಿಲ್ಲಿಸುತ್ತಾನೆ. ರೆಕ್ಕೆಯನ್ನು ಕತ್ತರಿಸುವಾಗ ಮರದ ಎಳೆಗಳು ಅದರ ಮುಂದಿನ ಅಂಚಿಗೆ ಸಮಾಂತರವಾಗಿರಬೇಕು. ಇಲ್ಲವಾದರೆ ಗಾಳಿಯ ಹೊಡೆತಕ್ಕೆ ಅದು ಮುರಿದು ಹೋಗುತ್ತದೆ. ರೆಕ್ಕೆಯೊಂದು ಒಂದಿಷ್ಟು ಓರೆಯಾದರೂ ರಾಕೆಟ್ಟು ಬುಗುರಿಯಂತೆ ತಿರುಗುತ್ತ ಏರುತ್ತದೆ, ಎತ್ತರ ಕಡಿಮೆಯಾಗುತ್ತದೆ. ಅಂಟು ಒಣಗಿದ ಮೇಲೆ ರೆಕ್ಕೆಯೂ ಕೊಳವೆಯೂ ಕೂಡುವ ಮೂಲೆಯಲ್ಲಿ ಮತ್ತೊಮ್ಮೆ ಅಂಟನ್ನು ಬೆರಳಿನಿಂದ ನಯವಾಗಿ ಸವರುತ್ತಾರೆ. ಇದರಿಂದ ಸಂದು ಬಲವಾಗುತ್ತದೆ, ಗಾಳಿಯೂ ಅಡೆತಡೆಯಿಲ್ಲದೆ ಹರಿಯುತ್ತದೆ.

ಆಮೇಲೆ ಬರುವುದು ಒಪ್ಪ ಕೊಡುವ ಕೆಲಸ. ಇದು ಬರಿಯ ಅಲಂಕಾರವಲ್ಲ. ಮರದ ರಂಧ್ರಗಳನ್ನು ಲೇಪದಿಂದ ಮುಚ್ಚಿ, ಮರಳುಕಾಗದದಿಂದ ಉಜ್ಜಿ, ಮತ್ತೆ ಲೇಪಿಸಿ, ಮತ್ತೆ ಉಜ್ಜಿದರೆ ಮೈ ನುಣುಪಾಗುತ್ತದೆ. ಗಾಳಿಯ ತಡೆ ತಗ್ಗುತ್ತದೆ. ಬಣ್ಣವನ್ನು ಒಮ್ಮೆಗೇ ದಪ್ಪವಾಗಿ ಬಳಿಯದೆ, ತೆಳುವಾಗಿ ಹಲವು ಸಲ ಬಳಿಯಬೇಕು. ಬಣ್ಣಕ್ಕೂ ತೂಕವುಂಟು, ಅದರಲ್ಲಿಯೂ ಬಾಲದ ಕಡೆ ತೂಕ ಹೆಚ್ಚಿದರೆ ಗುರುತ್ವಕೇಂದ್ರ ಹಿಂದಕ್ಕೆ ಸರಿಯುತ್ತದೆ. ಕೆಂಪು, ಕಿತ್ತಳೆ ಮುಂತಾದ ಎದ್ದುಕಾಣುವ ಬಣ್ಣಗಳನ್ನು ಆರಿಸುವುದು ಹಸುರಿನ ನಡುವೆ ಬಿದ್ದ ರಾಕೆಟ್ಟನ್ನು ಸುಲಭವಾಗಿ ಹುಡುಕಲೆಂದು.

ಹಾರಿಸುವ ಮೊದಲು ಒಂದು ಪರೀಕ್ಷೆ ಇದೆ. ಮೋಟಾರು ಸಹಿತವಾದ ರಾಕೆಟ್ಟಿನ ಸಮತೂಕದ ಬಿಂದುವಿಗೆ ಎರಡು ಮೂರು ಮೀಟರು ಉದ್ದದ ದಾರವನ್ನು ಬಿಗಿದು, ತಲೆಯ ಸುತ್ತ ಬೀಸಿ ತಿರುಗಿಸುತ್ತಾರೆ. ಮೂತಿ ಮುಂದಾಗಿ ಹೋದರೆ ಅದು ಹಾರಲು ಯೋಗ್ಯ. ಅಡ್ಡಡ್ಡವಾಗಿಯೋ ಹಿಂದು ಮುಂದಾಗಿಯೋ ತಿರುಗಿದರೆ ಯೋಗ್ಯವಲ್ಲ. ಮೂತಿಗೆ ಸ್ವಲ್ಪ ಜೇಡಿಮಣ್ಣಿನ ತೂಕ ಸೇರಿಸಬೇಕು ಅಥವಾ ರೆಕ್ಕೆಗಳನ್ನು ದೊಡ್ಡದು ಮಾಡಬೇಕು. ಒತ್ತಡಕೇಂದ್ರವು ಗುರುತ್ವಕೇಂದ್ರಕ್ಕಿಂತ ಕೊಳವೆಯ ವ್ಯಾಸದಷ್ಟಾದರೂ ಹಿಂದಿರಬೇಕೆಂಬುದು ಬಲ್ಲವರ ನಿಯಮ. ಒಂದು ದಾರದ ತುಂಡು ನೆಲದ ಮೇಲೆಯೇ ಹೇಳುವ ತಪ್ಪನ್ನು ಆಕಾಶದಲ್ಲಿ ಕಂಡುಕೊಳ್ಳುವುದು ಜಾಣತನವಲ್ಲ.

ಮೋಟಾರಿನ ಮೇಲೆ 'ಬಿ 6-4' ಎಂಬಂತಹ ಗುರುತಿರುತ್ತದೆ. 'ಬಿ' ಎಂಬುದು ಒಟ್ಟು ನೂಕುಶಕ್ತಿಯ ವರ್ಗ. ಗರಿಷ್ಠ 5 ನ್ಯೂಟನ್-ಸೆಕೆಂಡು. ವರ್ಗದ ಅಕ್ಷರವೊಂದು ಮುಂದೆ ಹೋದಂತೆ ಈ ಪ್ರಮಾಣ ಎರಡರಷ್ಟಾಗುತ್ತದೆ. 6 ಎಂಬುದು ಸರಾಸರಿ ನೂಕುಬಲ, ನ್ಯೂಟನ್‌ಗಳಲ್ಲಿ. ಹಾಗಾದರೆ ಮೋಟಾರು ಉರಿಯುವುದು ಒಂದು ಸೆಕೆಂಡಿಗಿಂತಲೂ ಕಡಿಮೆ ಕಾಲ. ಅಷ್ಟರಲ್ಲಿ ಪಡೆದ ವೇಗದಿಂದಲೇ ರಾಕೆಟ್ಟು ಉಳಿದ ಎತ್ತರವನ್ನು ಏರುತ್ತದೆ. ಕೊನೆಯ 4 ಎಂದರೆ, ಉರಿ ಮುಗಿದ ನಾಲ್ಕು ಸೆಕೆಂಡುಗಳ ಬಳಿಕ ಪುಟ್ಟ ಸ್ಫೋಟವೊಂದು ಮೂತಿಯನ್ನು ತಳ್ಳಿ ಪ್ಯಾರಾಚೂಟನ್ನು ಬಿಡಿಸುತ್ತದೆ. ರಾಕೆಟ್ಟು ಮೆಲ್ಲನೆ ನೆಲಕ್ಕಿಳಿಯುತ್ತದೆ.

ಹೊರಡುವ ಕ್ಷಣದಲ್ಲಿ ರಾಕೆಟ್ಟಿಗೆ ವೇಗವಿರುವುದಿಲ್ಲ. ವೇಗವಿಲ್ಲದೆ ರೆಕ್ಕೆಗಳು ಕೆಲಸ ಮಾಡುವುದಿಲ್ಲ. ಆದುದರಿಂದ ಮೊದಲ ಒಂದು ಮೀಟರಿನಷ್ಟು ದೂರ ಲೋಹದ ಸರಳೊಂದು ಅದಕ್ಕೆ ದಾರಿ ತೋರಿಸುತ್ತದೆ. ಕಿಡಿ ಹಚ್ಚುವುದು ಬ್ಯಾಟರಿಯ ವಿದ್ಯುತ್ತಿನಿಂದ, ಕನಿಷ್ಠ 5 ಮೀಟರು ದೂರದಿಂದ. ಹೊತ್ತಿಕೊಳ್ಳದಿದ್ದರೆ ಒಂದು ನಿಮಿಷ ಯಾರೂ ಸಮೀಪಕ್ಕೆ ಹೋಗಬಾರದು. ಹಾರಿಸುವ ಸ್ಥಳವೂ ಮುಖ್ಯ. ಪುತ್ತೂರು, ಸುಳ್ಯ, ಕಡಬಗಳಲ್ಲಿ ಅಡಿಕೆ ತೋಟ, ತೆಂಗು, ಕಾಡು ಒತ್ತಾಗಿರುವುದರಿಂದ ಬಯಲು ಜಾಗ ಕಡಿಮೆ. ಗುಡ್ಡಗಳ ಮೇಲಿನ ಮುಳಿಹುಲ್ಲು ಬೇಸಗೆಯಲ್ಲಿ ಒಂದು ಕಿಡಿಗೇ ಹೊತ್ತಿಕೊಳ್ಳುತ್ತದೆ. ಬೆಂಕಿಯ ರಾಕೆಟ್ಟಿಗೆ ಇದು ತಕ್ಕ ನೆಲವಲ್ಲ.

ಅಷ್ಟೇ ಅಲ್ಲ, ಅನುಮತಿಯಿಲ್ಲದೆ ಮದ್ದನ್ನು ತಯಾರಿಸುವುದು 1884ರ ಸ್ಫೋಟಕಗಳ ಅಧಿನಿಯಮದಂತೆ ಅಪರಾಧ. ಪಟಾಕಿಯನ್ನು ಬಿಚ್ಚಿ ಮದ್ದನ್ನು ಒಟ್ಟುಮಾಡುವ ಆಟದಿಂದ ಬೆರಳು, ಕಣ್ಣುಗಳನ್ನು ಕಳೆದುಕೊಳ್ಳುವುದು ಒಂದು ಕ್ಷಣದ ಕೆಲಸ. ಹಾಗೆಂದು ನಾವು ನಿರಾಶರಾಗಬೇಕಿಲ್ಲ. ಬೆಂಕಿಯಿಲ್ಲದ ರಾಕೆಟ್ಟೂ ಇದೆ. ಸೋಡಾ ಪಾನೀಯದ ಪ್ಲಾಸ್ಟಿಕ್ ಶೀಸೆಯ ಮೂರರಲ್ಲಿ ಒಂದು ಪಾಲು ನೀರು ತುಂಬಿ, ಬಾಯಿಗೆ ರಬ್ಬರಿನ ಬಿರಡೆ ಬಿಗಿದು, ಅದರ ಮೂಲಕ ಸೈಕಲ್ ಪಂಪಿನಿಂದ ಗಾಳಿ ತುಂಬಿದರೆ ಬಿರಡೆ ಕಳಚಿ, ನೀರು ಕೆಳಕ್ಕೆ ಚಿಮ್ಮಿ, ಶೀಸೆ ಮೇಲಕ್ಕೆ ನೆಗೆಯುತ್ತದೆ. ಇದಕ್ಕೂ ರಟ್ಟಿನ ರೆಕ್ಕೆ ಬೇಕು, ಮೂತಿಗೆ ತೂಕ ಬೇಕು. ದಾರದ ಪರೀಕ್ಷೆಯನ್ನು ನೀರಿಲ್ಲದ ಶೀಸೆಯಿಂದ ಮಾಡಬೇಕು. ಏಕೆಂದರೆ ನೀರು ಕ್ಷಣಮಾತ್ರದಲ್ಲಿ ಬರಿದಾಗಿ, ಉಳಿದ ದಾರಿಯನ್ನು ಅದು ಬರಿಯ ಶೀಸೆಯಾಗಿಯೇ ಸಾಗುತ್ತದೆ. ಗಾಜಿನ ಅಥವಾ ಲೋಹದ ಪಾತ್ರೆಯನ್ನು ಎಂದೂ ಬಳಸಕೂಡದು. ಶಿಕ್ಷಕರ ಸಮ್ಮುಖದಲ್ಲಿ, ಉದ್ದನೆಯ ಕೊಳವೆಯ ಸಹಾಯದಿಂದ ದೂರ ನಿಂತು ಗಾಳಿ ತುಂಬಬೇಕು. ಗಾಳಿ ತುಂಬಿದ ಶೀಸೆಯ ಮೇಲೆ ಬಾಗಿ ನೋಡಬಾರದು.

ಮಾಡಿ ಕಲಿಯುವ ವಿದ್ಯೆ ಈ ಊರುಗಳಿಗೆ ಹೊಸದಲ್ಲ. ಪುತ್ತೂರಿನ ಬಾಲವನದಲ್ಲಿ ನೆಲೆಸಿದ್ದ ಶಿವರಾಮ ಕಾರಂತರು 'ಬಾಲಪ್ರಪಂಚ'ವನ್ನು ರಚಿಸಿ ಮಕ್ಕಳಿಗೆ ವಿಜ್ಞಾನವನ್ನು ಕನ್ನಡದಲ್ಲಿ ತಿಳಿಸಿದರು. ಆಗ ದಕ್ಷಿಣ ಕನ್ನಡಕ್ಕೆ ಸೇರಿದ್ದ ಉಡುಪಿಯ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರ ಮುಂದಾಳುತನದಲ್ಲಿ ಸಿದ್ಧವಾದ 'ಆರ್ಯಭಟ' ಉಪಗ್ರಹವು 1975ರ ಏಪ್ರಿಲ್ 19ರಂದು ಅಂತರಿಕ್ಷಕ್ಕೆ ಏರಿತು. 1967ರಲ್ಲಿ ತುಂಬಾದಿಂದ ಹಾರಿದ ಭಾರತದ ಮೊದಲ ರೋಹಿಣಿ ರಾಕೆಟ್ಟಿನ ವ್ಯಾಸ 75 ಮಿಲಿಮೀಟರು ಮಾತ್ರ. ನಮ್ಮ ಕೈಯ ಶೀಸೆಗಿಂತಲೂ ಅದು ದಪ್ಪವಾಗಿರಲಿಲ್ಲ. ದೊಡ್ಡದಿರಲಿ, ಸಣ್ಣದಿರಲಿ, ರಾಕೆಟ್ಟಿಗೆ ಬಲವೊಂದೇ ಸಾಲದು. ಆ ಬಲವನ್ನು ದಾರಿಗೆ ತರುವ ಅಂಕೆಯೂ ಬೇಕು. ಅದನ್ನು ಮೊದಲು ನೆಲದ ಮೇಲೆ ಪರೀಕ್ಷಿಸಿ ನೋಡುವ ತಾಳ್ಮೆ ಉಳ್ಳವರೇ ಮುಂದೆ ಎತ್ತರಕ್ಕೆ ಹಾರಿಸಬಲ್ಲರು.

ಅಭ್ಯಾಸ

1. ಗಾಳಿಯಿಲ್ಲದ ಕಡೆಯಲ್ಲಿಯೂ ರಾಕೆಟ್ಟು ಚಲಿಸಬಲ್ಲದು. ಕಾರಣ ಕೊಡಿ.
2. ಮೈಸೂರಿನ ರಾಕೆಟ್ಟುಗಳಲ್ಲಿ ಕಬ್ಬಿಣದ ಕೊಳವೆಯಿಂದ ಆದ ಪ್ರಯೋಜನವೇನು?
3. ಬಾಣದ ಕಡ್ಡಿಯೂ ಮಾದರಿ ರಾಕೆಟ್ಟಿನ ರೆಕ್ಕೆಯೂ ಒಂದೇ ಕೆಲಸವನ್ನು ಮಾಡುತ್ತವೆ ಎಂಬುದನ್ನು ವಿವರಿಸಿ.
4. ಬಣ್ಣವನ್ನು ದಪ್ಪವಾಗಿ ಬಳಿದರೆ ಉಂಟಾಗುವ ತೊಂದರೆ ಯಾವುದು?
5. ಆರ್ವಿಲ್ ಕಾರ್ಲೈಲನ ವಿಚಾರದಿಂದ ಎಳೆಯರಿಗೆ ಯಾವ ಉಪಕಾರವಾಯಿತು?