ನೆರೆಮನೆಯ ನಂಬಿಕೆಯನ್ನು ನೆಟ್ಟಗೆ ಹೇಳುವುದು

ಹೊರನಾಡಿಗೆ ಬಂದ ಕನ್ನಡ ಕ್ರೈಸ್ತರು ಊರಿನಲ್ಲಿದ್ದಂತೆ ಬೇರೆ ಬೇರೆ ಕೇರಿಗಳಲ್ಲಿ ಇರಲಾರರು. ಧಾರವಾಡ, ಬಳ್ಳಾರಿ ಕಡೆಯ ಪ್ರೊಟೆಸ್ಟಂಟ್ ಮನೆತನವೂ, ಮಂಗಳೂರು, ಮೈಸೂರು ಕಡೆಯ ಕ್ಯಾಥೊಲಿಕ್ ಮನೆತನವೂ ಇಲ್ಲಿ ಒಂದೇ ಕಟ್ಟಡದ ಒಂದೇ ಮಹಡಿಯಲ್ಲಿ ನೆಲಸುವುದುಂಟು. ಕ್ರಮೇಣ ಸಂಬಂಧ ಬೆಳೆಯುವುದೂ ಉಂಟು. ಆಗ ಮದುವೆ ಯಾವ ದೇವಾಲಯದಲ್ಲಿ, ಮಗುವಿನ ದೀಕ್ಷಾಸ್ನಾನ ಯಾರ ಕೈಯಲ್ಲಿ ಎಂಬ ಮಾತು ಏಳುತ್ತದೆ. ಅತ್ತೆಯ ಜಪಸರವನ್ನು ಸೊಸೆ ವಿಗ್ರಹಾರಾಧನೆ ಎನ್ನುವುದು, ಸೊಸೆಯ ಸಭೆಯ ಆರಾಧನೆಯನ್ನು ಅತ್ತೆ ಬರಿಯ ಭಾಷಣವೆನ್ನುವುದು! ಇಂಥ ಒಂದು ಮಾತು ವರ್ಷಗಟ್ಟಲೆ ಮನಸ್ಸನ್ನು ಕಹಿಮಾಡಬಲ್ಲದು. ಆದ್ದರಿಂದಲೇ ಮುಂಬಯಿಯ ನಮ್ಮ ಕನ್ನಡ ಸುವಾರ್ತಾ ಸಭೆಯಲ್ಲಿ, ಎರಡು ಪಂಥಗಳ ನಂಬಿಕೆಗಳನ್ನು ಹೋಲಿಸಿ ನೋಡುವ ಆರು ಭಾನುವಾರಗಳ ಪಾಠವನ್ನು ತರುಣರಿಗಾಗಿ ಅಣಿಗೊಳಿಸಿದೆವು.

ಮೊದಲು ಎದುರಾದದ್ದು ಶಬ್ದಗಳ ತೊಡಕು. ನಾವು 'ಸುವಾರ್ತೆ' ಎಂದರೆ ಅವರು 'ಶುಭಸಂದೇಶ' ಎನ್ನುವರು. ನಮ್ಮ 'ಕೃಪೆ' ಅವರ 'ವರಪ್ರಸಾದ'. ಹತ್ತು ಆಜ್ಞೆಗಳು ಇಬ್ಬರಿಗೂ ಅವೇ; ಎಣಿಕೆ ಮಾತ್ರ ಬೇರೆ. ವಿಗ್ರಹದ ನಿಷೇಧವನ್ನು ಕ್ಯಾಥೊಲಿಕರು ಮೊದಲನೆಯ ಆಜ್ಞೆಯಲ್ಲಿಯೇ ಸೇರಿಸಿ, ಪರರದನ್ನು ಬಯಸಬಾರದೆಂಬ ಆಜ್ಞೆಯನ್ನು ಎರಡಾಗಿ ಎಣಿಸುತ್ತಾರೆ. ಲೂಥರನ ಅನುಯಾಯಿಗಳ ಎಣಿಕೆಯೂ ಹಾಗೆಯೇ. ಅವರು ಒಂದು ಆಜ್ಞೆಯನ್ನೇ ಅಳಿಸಿದರೆಂಬ ಹಳೆಯ ದೂರಿಗೆ ಆಧಾರವಿಲ್ಲ.

ನಿಜವಾದ ಭೇದಗಳೂ ಉಂಟು. ಅವನ್ನು ಮುಚ್ಚಿಡುವುದು ಸ್ನೇಹವಲ್ಲ. ನಮ್ಮ ಬೈಬಲಿನಲ್ಲಿ ೬೬ ಗ್ರಂಥಗಳು, ಅವರದರಲ್ಲಿ ೭೩. ನಮಗೆ ಶಾಸ್ತ್ರವೊಂದೇ ಕೊನೆಯ ಪ್ರಮಾಣ. ಅವರಿಗೆ ಶಾಸ್ತ್ರದೊಡನೆ ಪರಂಪರೆಯೂ ಪ್ರಮಾಣ, ಅರ್ಥವಿವರಣೆಯ ಅಧಿಕಾರ ಧರ್ಮಸಭೆಯದು. ಅವರಿಗೆ ಸಂಸ್ಕಾರಗಳು ಏಳು, ನಮಗೆ ಎರಡು. ಪೂಜೆಯಲ್ಲಿ ರೊಟ್ಟಿ ದ್ರಾಕ್ಷಾರಸಗಳು ಕ್ರಿಸ್ತನ ಶರೀರ ರಕ್ತಗಳಾಗಿ ಮಾರ್ಪಡುತ್ತವೆಂದು ಅವರ ವಿಶ್ವಾಸ. ನಮ್ಮ ಸಭೆ ಅದನ್ನು ಸ್ಮರಣೆಯ ಭೋಜನವೆನ್ನುತ್ತದೆ. ಪ್ರೊಟೆಸ್ಟಂಟರಲ್ಲೇ ಈ ವಿಷಯದಲ್ಲಿ ಒಮ್ಮತವಿಲ್ಲ. ಮರಿಯಮ್ಮನವರ ವಿಷಯದಲ್ಲಂತೂ ಎಚ್ಚರ ಬೇಕು. ಆರಾಧನೆ ದೇವರೊಬ್ಬನಿಗೇ ಸಲ್ಲತಕ್ಕದ್ದು, ಮರಿಯಳಿಗೂ ಸಂತರಿಗೂ ಗೌರವವೆಂದು ಕ್ಯಾಥೊಲಿಕ್ ಬೋಧೆ. ಅವರಲ್ಲಿ ಕೇಳುವುದು ತಮಗಾಗಿ ಪ್ರಾರ್ಥಿಸಿರೆಂದು. ಕ್ರಿಸ್ತನೊಬ್ಬನೇ ಮಧ್ಯಸ್ಥನಾದ್ದರಿಂದ ಹಾಗೆ ಕೇಳುವುದೂ ಸಲ್ಲದೆಂದು ನಮ್ಮ ಉತ್ತರ.

ಮನುಷ್ಯನು ದೇವರ ಮುಂದೆ ನೀತಿವಂತನಾಗುವುದು ಹೇಗೆ? ೧೫೧೭ರಲ್ಲಿ ಲೂಥರನ ಪ್ರಬಂಧಗಳಿಂದ ಹೊತ್ತಿದ ವಾದದ ತಿರುಳು ಇದೇ ಆಯಿತು. ಟ್ರೆಂಟಿನ ಮಹಾಸಭೆ (೧೫೪೫–೬೩) ಸುಧಾರಕರ ಬೋಧೆಯನ್ನು ಖಂಡಿಸಿತು. ಆದರೆ ೧೯೯೯ರ ಅಕ್ಟೋಬರ್ ೩೧ರಂದು ಆಗ್ಸ್‌ಬರ್ಗಿನಲ್ಲಿ ರೋಮಿನ ಸಭೆಯೂ ಜಾಗತಿಕ ಲೂಥರನ್ ಒಕ್ಕೂಟವೂ ಈ ವಿಷಯದ ಮೂಲಸತ್ಯಗಳಲ್ಲಿ ಒಮ್ಮತವುಂಟೆಂಬ ಘೋಷಣೆಗೆ ಸಹಿಹಾಕಿದವು. ಸುವಾರ್ತಾ ಪಂಥದ ಅನೇಕರು ಇದನ್ನೊಪ್ಪಿಲ್ಲ. ಪಾಠದಲ್ಲಿ ಎರಡನ್ನೂ ಹೇಳಿದ್ದೇವೆ.

ಮದುವೆಯ ಮಾತು ನಡೆದಿರುವ ಮನೆಗಳಿಗೆ ಐದನೆಯ ಪಾಠ ಮುಖ್ಯ. ನೀರಿನಿಂದ ತ್ರಿಯೇಕ ದೇವರ ಹೆಸರಿನಲ್ಲಿ ಆದ ದೀಕ್ಷಾಸ್ನಾನವನ್ನು ಕ್ಯಾಥೊಲಿಕ್ ಸಭೆ ಒಪ್ಪುತ್ತದೆ, ಮತ್ತೆ ಮಾಡಿಸುವುದಿಲ್ಲ. ಇಂಥ ವಿವಾಹಕ್ಕೆ ಧರ್ಮಾಧ್ಯಕ್ಷರ ಅಪ್ಪಣೆ ಬೇಕು. ಮಕ್ಕಳನ್ನು ತಮ್ಮ ವಿಶ್ವಾಸದಲ್ಲಿ ಬೆಳೆಸಲು ಕೈಲಾದುದೆಲ್ಲವನ್ನೂ ಮಾಡುವುದಾಗಿ ಕ್ಯಾಥೊಲಿಕ್ ಸಂಗಾತಿ ಮಾತು ಕೊಡಬೇಕು. ಅದು ಮತ್ತೊಬ್ಬರಿಗೂ ತಿಳಿದಿರಬೇಕು. ಲಗ್ನಪತ್ರಿಕೆ ಅಚ್ಚಾದ ಮೇಲೆ ಇದು ತಿಳಿದುಬಂದರೆ ಎರಡು ಮನೆಗೂ ಸಂಕಟ. ಹಿರಿಯರು ಮೊದಲೇ ಕುಳಿತು ಮಾತಾಡುವುದು ಲೇಸು.

ಪಾಠ ಬರೆಯುವಾಗ ಒಂದು ನಿಯಮವನ್ನಿಟ್ಟುಕೊಂಡೆವು: ಅವರ ನಂಬಿಕೆಯನ್ನು ಅವರ ಧರ್ಮೋಪದೇಶ ಗ್ರಂಥದಿಂದಲೇ ತಿಳಿದು ಬರೆಯುವುದು; ಬರೆದುದನ್ನು ಕ್ಯಾಥೊಲಿಕ್ ಸ್ನೇಹಿತರಿಗೆ ಓದಿ ಹೇಳುವುದು; 'ಹೌದು, ನಾವು ನಂಬುವುದು ಇದನ್ನೇ' ಎಂದು ಅವರು ಒಪ್ಪಿದ ಬಳಿಕವೇ ನಮ್ಮ ಭಿನ್ನಾಭಿಪ್ರಾಯ ಹೇಳುವುದು. ನೆರೆಯವನ ವಿಷಯದಲ್ಲಿ ಸುಳ್ಳುಸಾಕ್ಷಿ ಕೂಡದೆಂಬ ಆಜ್ಞೆ ಅವರ ಎಣಿಕೆಯಲ್ಲಿ ಎಂಟನೆಯದು, ನಮ್ಮದರಲ್ಲಿ ಒಂಬತ್ತನೆಯದು. ಇಬ್ಬರೂ ಅದಕ್ಕೆ ಬದ್ಧರಷ್ಟೆ.